ಚೌಕಾದ ನೀರು

ಕಾರು ಬೋರಗಾಂವ ದಾಟುವ ಮೊದಲೇ ಅತ್ತೆ ನನ್ನ ಬಾಯಿಗೆ ಮಾತು ತುರುಕಲು ಶುರು ಮಾಡಿದ್ದಳು.

"ಡಾಕ್ಟರ ಕೇಳಿದ್ರ ಏನ್ ಹೇಳ್ತಿ?"

ನಾನು ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ. ಮಗ್ಗಗಳ ಸದ್ದು ಮುಚ್ಚಿದ ಗಾಜಿನೊಳಗೂ ಬರುತ್ತಿತ್ತು.

"ನಿನಗ ಕೇಳಾಕತ್ತೇನು, ತ್ರಿಶಲಾ. ಬ್ಯಾನಿ ಯಾವಾಗ ಚಾಲೂ ಆತು ಅಂದ್ರ?"

"ಖರೆ ಏನೈತಿ ಅದನ್ನ ಹೇಳ್ತೇನು."

"ಆಪರೇಶನ್ ಆದ ದಿನದಿಂದನ ನೋಸಾಕತ್ತೈತಿ ಅನ್ನು. ಅದನ ಖರೆ."

ಕಾರು ಓಡಿಸುತ್ತಿದ್ದ ನನ್ನ ಗಂಡ ಶ್ರೀಪಾಲ ಹಾರ್ನ್ ಹೊಡೆದರು. ಮುಂದೆ ಒಂದು ಸೈಕಲ್ಲೂ ಇರಲಿಲ್ಲ. ತಾಯಿ ಹೆಂಡತಿಯರ ನಡುವೆ ಮಾತು ಬಿಗಿಯಾದಾಗಲೆಲ್ಲ ಅವರಿಗೆ ಏನಾದರೊಂದು ಕೆಲಸ ಹೊಳೆಯುತ್ತದೆ. ಮನೆಯಲ್ಲಿದ್ದರೆ ಎಮ್ಮೆಗೆ ನೀರು ಕುಡಿಸಲು ಹೋಗುತ್ತಾರೆ. ಕಾರಿನಲ್ಲಿ ಹಾರ್ನ್ ಒಂದೇ ಇತ್ತು.

ನಾವು ಮಿರಜಕ್ಕೆ ಹೊರಟಿದ್ದೆವು. ಅಲ್ಲಿಯ ದವಾಖಾನೆಯಲ್ಲಿ ಹೋದ ಮಳೆಗಾಲದ ಹೊತ್ತಿಗೆ ನನ್ನ ನಡುವಿಗೆ ಕೃತಕ ಡಿಸ್ಕ್ ಹಾಕಿದ್ದರು. ಈಗ ನನ್ನ ಎಡಪಾದ ಮೇಲೆ ಏಳುತ್ತಿರಲಿಲ್ಲ. ನಡೆದರೆ ಬೆರಳುಗಳು ನೆಲಕ್ಕೆ ಉಜ್ಜುತ್ತಿದ್ದವು, ಹೊಸ್ತಿಲು ದಾಟುವಾಗ ತೊಡೆಯನ್ನು ಕೈಯಿಂದ ಎತ್ತಿ ಇಡಬೇಕಿತ್ತು. ಹೋದ ಸಲ ಬಂದಾಗ ಡಾಕ್ಟರ ವಿಕ್ರಾಂತ ಸ್ಪಷ್ಟವಾಗಿ ಹೇಳಿದ್ದರು: ನರ ಒತ್ತಿಕೊಂಡು ಬಹಳ ದಿನ ಉಳಿದರೆ ಪಾದ ಹೋದ ಹಾಗೆಯೇ, ಆಮೇಲೆ ಯಾವ ಆಪರೇಶನ್ನೂ ಅದನ್ನು ತರುವುದಿಲ್ಲ. ಮುಂದೇನು ಎಂಬುದನ್ನು ಇಂದು ನಿರ್ಧರಿಸುವವರಿದ್ದರು.

ಅತ್ತೆಗೂ ಅದು ಗೊತ್ತಿತ್ತು. ಗೊತ್ತಿದ್ದೇ ಜೊತೆಗೆ ಹೊರಟಿದ್ದಳು.

ಸದಲಗಾದ ನಮ್ಮ ಮನೆಯಲ್ಲಿ ಎಮ್ಮೆಗಳಿವೆ, ಕಬ್ಬಿದೆ, ಬಾಗಿಲ ಮುಂದೆ ಕಲ್ಲು ಕಟ್ಟಿದ ಬಾವಿಯಿದೆ. ಮದುವೆಯಾಗಿ ಬಂದ ವರ್ಷದಿಂದ ಬೆಳಿಗ್ಗೆ ಸಂಜೆ ಕುಕ್ಕರಗಾಲಲ್ಲಿ ಕೂತು ಹಾಲು ಹಿಂಡಿದವಳು ನಾನು. ನಲವತ್ತಾಗುವ ಹೊತ್ತಿಗೆ ಬೆನ್ನುಮೂಳೆಯ ಕೆಳಗಿನ ಡಿಸ್ಕು ಸವೆದು ಹಪ್ಪಳವಾಗಿತ್ತು. ಅದನ್ನು ತೆಗೆದು ಆ ಜಾಗದಲ್ಲಿ ಎರಡು ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಗುಂಡು ಇಟ್ಟರು. ಬೆನ್ನಿನ ಆಪರೇಶನ್ನಾದರೂ ಕೊಯ್ದದ್ದು ಹೊಟ್ಟೆಯನ್ನು. ಕರುಳನ್ನು ಪಕ್ಕಕ್ಕೆ ಸರಿಸಿ ಮುಂದಿನಿಂದ ಹೋಗುತ್ತಾರಂತೆ. ಹೊಕ್ಕುಳ ಕೆಳಗಿನ ಗಾಯ ನೋಡಿದ ಓಣಿಯ ಹೆಂಗಸರು ನನಗೆ ಗರ್ಭಕೋಶ ತೆಗೆದಿದ್ದಾರೆಂದೇ ತಿಳಿದರು. ಅತ್ತೆ ಅವರನ್ನು ತಿದ್ದಲಿಲ್ಲ. ತನಗೆ ಬೇಕಾದಾಗ ಮಾತ್ರ ತಿದ್ದುತ್ತಿದ್ದಳು.

"ಇಲ್ಲಬೇ, ಸೊಸಿ ನಡಾದಾಗ ಬೇರಿಂಗ ಹಾಕಿಸಿಕೊಂಡಾಳ," ಎಂದು ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. "ಟ್ರ್ಯಾಕ್ಟರಿಗೆ ಇರತೈತಲ್ಲ, ಹಾಂಗ. ಇನ್ನ ತಿಂಗಳಿಗೊಮ್ಮೆ ಗ್ರೀಸ್ ಹಚ್ಚಬೇಕು."

ಆದರೆ ಆ ಬೇರಿಂಗು ಒಳ್ಳೆಯದೇ ಇತ್ತು. ಈ ಮಾತನ್ನು ನಾನು ಯಾರ ಮುಂದೆಯಾದರೂ ಹೇಳಬಲ್ಲೆ. ಆಪರೇಶನ್ನಿನ ಎರಡನೆಯ ವಾರಕ್ಕೆ ಕಾಲಿನ ಸೆಳೆತ ನಿಂತಿತು. ನಾಲ್ಕನೆಯ ವಾರ ಅಂಗಳದ ತನಕ ನಡೆದೆ. ಎಷ್ಟೋ ವರ್ಷಗಳ ಮೇಲೆ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಲಿಲ್ಲ. ನೋವಿಲ್ಲದ ಮೈ ಹೇಗಿರುತ್ತದೆಂಬುದು ನನಗೆ ಮರೆತೇ ಹೋಗಿತ್ತು. ಯಾರದೋ ಹೊಸ ಸೀರೆ ಉಟ್ಟುಕೊಂಡವಳಂತೆ, ಕೊಳೆಯಾದೀತೆಂಬ ಭಯದಿಂದ ಹಗುರ ಹಗುರ ಓಡಾಡಿದೆ. ಡಾಕ್ಟರರು ಹೇಳಿದ್ದು ಒಂದೇ. ಎಲುಬು ಬೆಳೆದು ತಟ್ಟೆಗಳನ್ನು ಹಿಡಿದುಕೊಳ್ಳಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಬಗ್ಗಬಾರದು, ಭಾರ ಎತ್ತಬಾರದು. ತುಂಬಿದ ತಂಬಿಗೆಗಿಂತ ಹೆಚ್ಚಿನದು ಬೇಡ.

ಆರನೆಯ ವಾರದಲ್ಲಿ ನಮ್ಮ ಊರಿನ ಜೈನ ಬಸ್ತಿಯಲ್ಲಿ ಮುನಿ ಮಹಾರಾಜರ ಚಾತುರ್ಮಾಸ, ಮಳೆಗಾಲದ ನಾಲ್ಕು ತಿಂಗಳ ವಾಸ, ಶುರುವಾಯಿತು.

ಮಹಾರಾಜರು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿ ಹೊರಡುತ್ತಾರೆ. ಅದು ಏನೆಂದು ಯಾರಿಗೂ ಹೇಳುವುದಿಲ್ಲ. ಯಾವ ಬಾಗಿಲಲ್ಲಿ ಅದು ಕೂಡಿಬರುತ್ತದೋ ಆ ಬಾಗಿಲಿಗೇ ನಿಲ್ಲುತ್ತಾರೆ. ಕೂಡಿಬರದಿದ್ದರೆ ಉಪವಾಸವೇ ಹಿಂತಿರುಗುತ್ತಾರೆ. ಅದಕ್ಕಾಗಿ ಶ್ರಾವಕರು, ಅಂದರೆ ನಮ್ಮಂಥ ಗೃಹಸ್ಥರು, ತಮ್ಮ ಮನೆಗಳಲ್ಲಿ ಚೌಕಾ ಹಾಕುತ್ತಾರೆ: ಮಡಿಯಲ್ಲಿ ಅಡಿಗೆ, ಕೈಯಲ್ಲಿ ಬೀಸಿದ ಹಿಟ್ಟು, ಬಾವಿಯಿಂದ ಸೇದಿ ಅರಿವೆಯಲ್ಲಿ ಸೋಸಿದ ನೀರು. ಮೋಟಾರಿನ ನೀರು ನಡೆಯುವುದಿಲ್ಲ.

ಮೂರು ದಿನ ಅತ್ತೆ ಒಬ್ಬಳೇ ಕಲಶ ಹಿಡಿದು ಬಾಗಿಲಲ್ಲಿ ನಿಂತಳು. ಮೂರು ದಿನವೂ ಮಹಾರಾಜರು ನಮ್ಮ ಬಾಗಿಲು ದಾಟಿ ಮುಂದೆ ಹೋದರು. ಅವರು ನಿಂತ ಮನೆಗಳಲ್ಲೆಲ್ಲ ಗಂಡ ಹೆಂಡತಿ ಜೋಡಿಯಾಗಿ ನಿಂತಿದ್ದರೆಂದು ಯಾರೋ ಹೇಳಿದರು. ಆ ರಾತ್ರಿ ಅತ್ತೆ ನನ್ನ ಹಾಸಿಗೆಯ ಪಕ್ಕ ಬಂದು ನಿಂತಳು.

"ನಾಳೆ ನೀ ನಿಲ್ಲು. ಶ್ರೀಪಾಲನ ಜೋಡಿ."

"ರೋಗಿ ಆಹಾರ ಕೊಡಬಾರದಲ್ಲ, ಅತ್ತಿ."

"ನೀ ಯಾವ ಸೀಮಿ ರೋಗಿ? ಅಂಗಳದಾಗ ಅಡ್ಡಾಡಾಕತ್ತಿ."

ನಿಯಮ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಾಯಿಲೆಯವರ ಕೈಯ ಆಹಾರ ಮಹಾರಾಜರಿಗೆ ಸಲ್ಲದು. ಮುಚ್ಚಿಟ್ಟು ಕೊಟ್ಟರೆ ದೋಷ ಕೊಟ್ಟವರಿಗೆ. ಆದರೆ ಮೂರು ದಿನ ಇಡೀ ಓಣಿ ಅವಳು ಬರಿಗೈಯಲ್ಲಿ ಒಳಗೆ ಹೋಗುವುದನ್ನು ನೋಡಿತ್ತು. ನಾನು ಗಂಡನ ಮುಖ ನೋಡಿದೆ. "ನಿಂತರ ಏನಾಗತೈತಿ," ಎಂದು ಅವರು ಗೋಡೆಗೆ ಹೇಳಿದರು.

ಬೆಳಿಗ್ಗೆ ನಿಲ್ಲುವುದಷ್ಟೇ ಆಗಲಿಲ್ಲ. ಕೊಡುವವರ ಕೈಯ ನೀರೇ ಶ್ರೇಷ್ಠವೆಂದು ಅತ್ತೆ ಹಗ್ಗ ನನ್ನ ಕೈಗೆ ಕೊಟ್ಟಳು. ನಾನು ಸೇದಿದೆ. ತುಂಬಿದ ಕೊಡವನ್ನು ಬಾವಿಯ ಕಟ್ಟೆಯಿಂದ ಸೊಂಟಕ್ಕೆ ಎಳೆದುಕೊಂಡಾಗ ನಡುವಿನೊಳಗೆ ಏನೋ ಜಾರಿತು. ಸದ್ದು ಬಂತೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನನಗೆ ಕೇಳಿಸಿತು. ಕಬ್ಬಿಣದ ಬಿಸಿ ಸರಳೊಂದು ಎಡಗಾಲಿನುದ್ದಕ್ಕೂ ಹೆಬ್ಬೆರಳ ತನಕ ಇಳಿಯಿತು.

ಅಷ್ಟರಲ್ಲೇ ಓಣಿಯ ತುದಿಯಲ್ಲಿ ಮಹಾರಾಜರು ಕಂಡರು. ನಾವು ಕಲಶ ಹಿಡಿದು, "ನಮೋಸ್ತು, ನಮೋಸ್ತು, ತಿಷ್ಠ, ತಿಷ್ಠ," ಎಂದೆವು. ಅವರು ನಿಂತರು. ನಮ್ಮ ಬಾಗಿಲಲ್ಲಿ ನಿಂತರು.

ಆಹಾರದ ಹೊತ್ತಿಗೆ ಯಾರಾದರೂ ಅಳುವುದು ಕಿವಿಗೆ ಬಿದ್ದರೆ ಮಹಾರಾಜರು ಬೊಗಸೆ ಬಿಡುತ್ತಾರೆ. ಆಮೇಲೆ ಮರುದಿನದವರೆಗೆ ಒಂದು ಹನಿ ನೀರೂ ಇಲ್ಲ. ನಾನು ಅವರ ಪಕ್ಕದಲ್ಲಿ ನಿಂತು ಬೊಗಸೆಗೆ ನೀರು ಹಾಕಿದೆ, ಹಾಲು ಹಾಕಿದೆ, ಅನ್ನ ಇಟ್ಟೆ. ಕೆನ್ನೆಯ ಒಳಚರ್ಮ ಹಲ್ಲಿಗೆ ಸಿಕ್ಕು ಬಾಯಿ ಉಪ್ಪಾಯಿತು. ಎದುರು ನಿಂತಿದ್ದ ಅತ್ತೆ ನನ್ನ ಮುಖ ನೋಡಿದಳು. ಏನಾಗಿದೆಯೆಂದು ಅವಳಿಗೆ ತಿಳಿಯಿತು. ಅವಳು ತುಟಿಯ ಮೇಲೆ ಬೆರಳಿಡಲಿಲ್ಲ, ಅಷ್ಟು ಮಾಡುವ ಅಗತ್ಯವಿರಲಿಲ್ಲ. ಕಣ್ಣು ಅಗಲಿಸಿ ತಲೆಯನ್ನು ಒಮ್ಮೆ ಅಡ್ಡಡ್ಡ ಆಡಿಸಿದಳು. ಮಹಾರಾಜರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ.

ಅವರು ಹೋದ ಮೇಲೆ ನಾನು ನೆಲಕ್ಕೆ ಕೂತೆ. ಅತ್ತೆ ಓಣಿಯವರಿಗೆಲ್ಲ ಪ್ರಸಾದ ಹಂಚಲು ಹೋದಳು.

ಅಂದಿನಿಂದ ಮನೆಯಲ್ಲಿ ಒಂದೇ ಕತೆ: ಆಪರೇಶನ್ನೇ ಕೆಟ್ಟಿತ್ತು, ಮೊದಲ ದಿನದಿಂದಲೂ ನೋವಿತ್ತು. ಜಾರಿದ್ದು ಬಾವಿಯ ಕಟ್ಟೆಯಲ್ಲೆಂದು ಒಪ್ಪಿಕೊಂಡರೆ ರೋಗಿಯ ಕೈಯಲ್ಲಿ ಆಹಾರ ಕೊಡಿಸಿದ್ದೂ, ಅದನ್ನು ಮಹಾರಾಜರಿಂದ ಮುಚ್ಚಿಟ್ಟದ್ದೂ ಬೆಳಕಿಗೆ ಬರುತ್ತಿತ್ತು. ತನ್ನ ಕತೆಯಲ್ಲೂ ನಾನು ರೋಗಿಯೇ ಆಗುತ್ತೇನೆಂಬುದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳಿಗೆ ನನ್ನ ಪಾದಕ್ಕಿಂತ ಆ ದಿನ ದೊಡ್ಡದು. ನೆಂಟರು ಬಂದರೆ ಮಹಾರಾಜರು ನಿಂತ ಜಾಗ ತೋರಿಸುತ್ತಾಳೆ. ಅಲ್ಲಿ ಚಾಪೆ ಹಾಸಲು ಬಿಡುವುದಿಲ್ಲ. ನಾನು ಕಾಲು ಎಳೆಯುತ್ತ ಅದರ ಮೇಲೆ ಹೋದರೆ, "ಸುತ್ತ ಹಾಯ್ದ ಹೋಗು, ಕಾಲ ಉಜ್ಜಬ್ಯಾಡ," ಎನ್ನುತ್ತಾಳೆ.

ಡಾಕ್ಟರರ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಡಾಕ್ಟರರ ಹತ್ತಿರದ್ದರಲ್ಲಿ ಅತ್ತೆ ಕೂತಳು, ರೋಗಿ ಅವಳೇ ಎಂಬಂತೆ.

ಡಾಕ್ಟರ ವಿಕ್ರಾಂತ ಮರಾಠಿ ಮನೆಯವರು, ಕನ್ನಡವನ್ನು ನಮ್ಮ ಹಾಗೆಯೇ ಆಡುತ್ತಾರೆ. ಎರಡು ಚಿತ್ರಗಳನ್ನು ಬೆಳಕಿಗೆ ಹಚ್ಚಿದರು. "ಇದು ದವಾಖಾನಿ ಬಿಡೂ ಮುಂದ ತೆಗದದ್ದು. ತಟ್ಟಿ ಬರೋಬ್ಬರಿ ಕೂತಾವ. ಇದು ಈಗಿಂದು. ಮ್ಯಾಲಿನ ತಟ್ಟಿ ಮುಂದ ಜಾರೇತಿ, ವಾಲೇತಿ. ನರ ಎಳಕೊಂಡೈತಿ."

"ನೀವ ಹಾಕಿದ್ದು ನೆಟ್ಟಗ ಕೂತಿಲ್ಲ," ಎಂದಳು ಅತ್ತೆ.

"ಕೂತಿತ್ತು ಆಯಿ, ಕಣ್ಣ ಮುಂದ ಐತಿ ನೋಡ್ರಿ. ಈಗ ನನಗ ಒಂದ ಮಾತು ಬೇಕು." ಅವರು ನನ್ನ ಕಡೆ ತಿರುಗಿದರು. "ಹಗೂರಕ ಜಾರಿದ್ದೋ, ಒಮ್ಮೆಲೆ ಜಾರಿದ್ದೋ? ಎಲುಬಿನ ಟೆಸ್ಟ್ ಅಂಚಿನ ಮ್ಯಾಲ ಬಂದೈತಿ, ಪೋಕಳಂತನೂ ಹೇಳಾಕ ಬರೂದಿಲ್ಲ, ಗಟ್ಟಿ ಅಂತನೂ ಬರೂದಿಲ್ಲ. ಕಾರಣಿಲ್ದ ಹಗೂರಕ ಜಾರಿತ್ತಂದ್ರ ಎಲುಬು ಸಡಲ ಐತಿ. ನಾ ಸ್ಕ್ರೂ ಹಾಕಿದ್ರ ಅವೂ ಕಿತಗೊಂಡ ಬರತಾವ. ಮೊದಲ ಆರ ತಿಂಗಳ ಇಂಜೆಕ್ಷನ್ ಕೊಟ್ಟು ಎಲುಬು ಗಟ್ಟಿ ಮಾಡಬೇಕು. ಭಾರ ಬಿದ್ದು ಒಮ್ಮೆಲೆ ಜಾರಿದ್ರ ಎಲುಬಿಂದು ತಪ್ಪಿಲ್ಲ. ಹಂಗಿದ್ರ ಈ ವಾರನ ಮಾಡತೇನು."

"ಆರ ತಿಂಗಳ ತಡದ್ರ ಪಾದ?" ಎಂದು ಕೇಳಿದೆ.

"ಪಾದದ ಆಶಾ ಬಿಡಬೇಕಾಗತೈತಿ."

ಅತ್ತೆ ಸೆರಗು ಸರಿಪಡಿಸಿಕೊಂಡಳು. "ಮೊದಲ ದಿನದಿಂದನ ಹಿಂಗ ಐತ್ರಿ. ಭಾರ ಎಲ್ಲಿಂದ ಬರಬೇಕು? ತೊಟ್ಟಲದಾಗಿನ ಕೂಸಿನ್ಹಾಂಗ ಮಲಗಿಸಿದ್ದೆ ನಾ ಇಕಿನ್ನ."

"ಆರನೇ ವಾರ ಬಾವ್ಯಾಗಿನ ನೀರ ಸೇದಿದೆರಿ," ಎಂದೆ. "ತುಂಬಿದ ಕೊಡ ಎತ್ತಿದೆ. ಅವಾಗ ಜಾರೇತಿ."

"ಸುಳ್ಳ! ಆಪರೇಶನ್ ಆದಾಗಿಂದ ಇಕಿ ತಲಿ ನೆಟ್ಟಗಿಲ್ಲರಿ ಡಾಕ್ಟರ. ಏನೇನರೆ ಮಾತಾಡತಾಳ."

ಡಾಕ್ಟರರು ನನ್ನ ಗಂಡನನ್ನು ನೋಡಿದರು. "ನೀವ ಹೇಳ್ರಿ. ಖರಂ ಸಾಂಗಾ, ಖರೆ ಏನೈತಿ ಅದನ್ನ."

ನನ್ನ ಗಂಡ ಟೇಬಲ್ಲಿನ ಮೇಲಿದ್ದ ಪ್ಲಾಸ್ಟಿಕ್ಕಿನ ಬೆನ್ನೆಲುಬನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ನಂಗ ಅಷ್ಟ ನೆನಪಿಲ್ರಿ. ಹೊಲದ ಕೆಲಸದಾಗ ಇರ್ತೇನು."

ಚೌಕಾದ ದಿನ ಅವರು ನನ್ನ ಬಲಕ್ಕೆ ನಿಂತಿದ್ದರು. ನಮ್ಮಿಬ್ಬರ ಸೆರಗು ಶಲ್ಯಗಳಿಗೆ ಗಂಟು ಹಾಕಿದ್ದರು. ನಾನು ನಡುಗಿದಾಗ ಆ ಗಂಟು ಅವರನ್ನೂ ಎಳೆದಿತ್ತು.

ಡಾಕ್ಟರರು ನಿಟ್ಟುಸಿರು ಬಿಟ್ಟರು. "ಒಬ್ಬರು ಹೌದು, ಒಬ್ಬರು ಅಲ್ಲ, ಒಬ್ಬರಿಗೆ ನೆನಪಿಲ್ಲ. ಹಿಂಗಾದ್ರ ನಾ ಧೈರ್ಯ ಮಾಡೂದಿಲ್ಲ. ಇಂಜೆಕ್ಷನ್ ಚಾಲೂ ಮಾಡೂಣು."

ಅತ್ತೆಯ ಮೈ ಸಡಿಲವಾದದ್ದು ಕುರ್ಚಿಯ ಸದ್ದಿನಲ್ಲೇ ತಿಳಿಯಿತು.

ಆಗ ನನಗೊಂದು ಮಾತು ಹೊಳೆಯಿತು. ಜಾಣತನಕ್ಕೆ ಹೊಳೆದದ್ದೆಂದು ನಾನು ಹೇಳಿಕೊಳ್ಳುವುದಿಲ್ಲ, ದ್ವೇಷಕ್ಕೆ ಹೊಳೆಯಿತು. ಒಂದೇ ಒಲೆಯ ಎರಡು ಬದಿಗೆ ವರ್ಷಗಟ್ಟಲೆ ಕೂತ ಹೆಂಗಸರಿಗೆ ಒಬ್ಬರಿಗೊಬ್ಬರ ನೋಯುವ ಜಾಗ ಗಂಡಸರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪ್ರೀತಿಸಿದವರಿಗಿಂತ ಹೆಚ್ಚೇ ಗೊತ್ತಿರುತ್ತದೆ.

"ಬಿಡ್ರಿ ಡಾಕ್ಟರ," ಎಂದೆ. "ಅತ್ತಿ ಹೇಳೂದನ ಖರೆ ಇರಬೇಕು. ಹೋದ ವರ್ಷ ನಮ್ಮ ಮನಿಗೆ ಮಹಾರಾಜರು ಬರಲೇ ಇಲ್ಲ. ಊರಾಗ ಎಲ್ಲಾರ ಬಾಗಲಕ್ಕೂ ನಿಂತ್ರು, ನಮ್ಮ ಬಾಗಲಾ ದಾಟಿ ಹೋದ್ರು. ಚೌಕಾನ ಆಗಿಲ್ಲಂದ ಮ್ಯಾಲೆ ನಾ ನೀರರೆ ಯಾಕ ಸೇದ್ಲಿ?"

ಅತ್ತೆ ನನ್ನ ಕಡೆ ತಿರುಗಿದಳು. "ಏನಂದಿ?"

"ಬಂದಿಲ್ಲ ಅಂದೆ."

"ಬಂದಿಲ್ಲಾ?"

"ನಿಮಗ ಕನಸ ಬಿದ್ದಿರಬೇಕು, ಅತ್ತಿ."

"ನಾಲಿಗಿಗೆ ಹುಳಾ ಬೀಳಲಿ ನಿಂದು!" ಅವಳು ಎದ್ದೇ ನಿಂತಳು. "ನಮ್ಮ ಬಾಗಲಕ್ಕ ನಿಂತಾರ! ಊರೆಲ್ಲಾ ನೋಡೇತಿ! ನಮ್ಮನ್ಯಾಗ ಹೊಟ್ಟಿ ತುಂಬ ಆಹಾರ ಆಗೇತಿ. ನೀನ ಅಲ್ಲೇನ ಬೊಗಸಿಗೆ ನೀರ ಹಾಕಿದಾಕಿ?"

"ಯಾವ ನೀರ, ಅತ್ತಿ? ನಳದ್ದೇನು?"

"ನಳದ್ದ? ನಮ್ಮ ಚೌಕಾದಾಗ ನಳದ ನೀರ? ಬಾವ್ಯಾಗಿಂದು! ನಾನ ನಿಂತ ಸೇದಿಸೇನಿ! ಒಂದ ಕೊಡ ಎತ್ತಿ ಸತ್ತವರ ಮಾರಿ ಮಾಡಿದಿ. ನಾ ಎಂಟ ತಿಂಗಳ ಬಸರಿ ಇದ್ದಾಗ ನಮ್ಮತ್ತಿ ಹಂಡೆ ಹಂಡೆ ಸೇದಿಸ್ಯಾಳ ನನ್ನ ಕಡಿಂದ. ನೀ ಅವತ್ತ ಕಿರಚಿದ್ರ ಮಹಾರಾಜರು ಉಪವಾಸ ಹೊಳ್ಳತಿದ್ರು. ನಾ ಕಣ್ಣ ತಗದ ನೋಡಿದ್ದಕ್ಕ ಸುಮ್ಮನಾದಿ..."

ತಾನು ಆಡಿದ್ದು ಅವಳಿಗೇ ಕೇಳಿಸಿತು. ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು. ನನ್ನ ಗಂಡ ಪ್ಲಾಸ್ಟಿಕ್ಕಿನ ಬೆನ್ನೆಲುಬನ್ನು ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟರು.

ಡಾಕ್ಟರರು ಯಾರನ್ನೂ ನೋಡದೆ ಬರೆದುಕೊಂಡರು. ಆಮೇಲೆ ನನಗೊಬ್ಬಳಿಗೇ ಹೇಳಿದರು. "ಮತ್ತ ಹೊಟ್ಟಿಯಿಂದನ ಹೋಗಬೇಕು. ಹಳೆ ಗಾಯದಾಗ ದೊಡ್ಡ ರಕ್ತನಾಳ ಅಂಟಿಕೊಂಡಿರತೈತಿ, ಬಿಡಿಸೂ ಮುಂದ ಹರದ್ರ ಜೀವಕ್ಕ ಅಪಾಯ. ಇದನ್ನ ತಗದು ಎರಡೂ ಎಲುಬು ಕೂಡಿಸಿ ಸ್ಕ್ರೂ ಬಿಗಿತೇನು. ಆಮ್ಯಾಲೆ ಆ ಜಾಗದಾಗ ನಡಾ ಬಗ್ಗೂದಿಲ್ಲ. ಪಾದ ಪೂರಾ ಬರತೈತಿ ಅಂತ ನಾ ಮಾತ ಕೊಡೂದಿಲ್ಲ. ಅರ್ಧ ಬಂದ್ರೂ ಬರಬಹುದು."

"ಮನೀಗೆ ಹೋಗಿ ವಿಚಾರ ಮಾಡಿ ಹೇಳತೇವ್ರಿ," ಎಂದರು ನನ್ನ ಗಂಡ. "ಅವ್ವನ್ನೂ ಒಂದ ಮಾತ ಕೇಳಿ..."

ಅವ್ವ ಅಲ್ಲೇ, ಒಂದು ಮೊಳ ದೂರದಲ್ಲಿ ನಿಂತಿದ್ದಳು.

"ಯಾವತ್ತ ಮಾಡ್ತೀರಿ?" ಎಂದು ಡಾಕ್ಟರರನ್ನು ಕೇಳಿದೆ.

"ಗುರುವಾರ. ಇವತ್ತ ಅಡ್ಮಿಟ್ ಆದ್ರ."

"ಆತ್ರಿ."

ಹೊರಗಿನ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ನನ್ನನ್ನು ಬೈಯುವಾಗ, ಮಗನನ್ನು ಗದರಿಸುವಾಗ ನೋಡಿದ ಮುಖ ಅದಲ್ಲ. ಅವಳಿಗೆ ಭಯವಾಗಿತ್ತು. ನನ್ನ ಭಯವಲ್ಲ, ನನ್ನ ಪಾದದ ಭಯವೂ ಅಲ್ಲ. ಪರಧರ್ಮದ ಡಾಕ್ಟರನೊಬ್ಬನ ಮುಂದೆ ತನ್ನ ಬಾಯಿಂದಲೇ ಹೊರಬಿದ್ದ ದೋಷದ ಭಯ. ಇಷ್ಟು ದಿನ ಅವಳು ಅದನ್ನು ತನ್ನಿಂದಲೂ ಮುಚ್ಚಿಟ್ಟಿದ್ದಳೆಂದು ಆಗ ನನಗೆ ಕಂಡಿತು. ಕನಿಕರ ಬರಬೇಕಿತ್ತು. ನಾನು ಕಾದು ನೋಡಿದೆ, ಬರಲಿಲ್ಲ.

"ಶ್ರೀಪಾಲ," ಎಂದಳು. "ಕಾಗವಾಡ ಬಸ್ ಎಲ್ಲಿ ನಿಲ್ಲತೈತಿ ಕೇಳು. ಮಹಾರಾಜರು ಈಗ ಕಾಗವಾಡದಾಚಿ ಉಗಾರದಾಗ ಅದಾರ. ಅವರ ಮುಂದ ಹೋಗಿ ಕುಂದ್ರತೇನು. ಅವರು ಏನ ಬಿಡು ಅಂತಾರ ಅದನ್ನ ಬಿಡತೇನು. ಉಪ್ಪ ಬಿಡು ಅಂದ್ರ ಉಪ್ಪು, ತುಪ್ಪ ಬಿಡು ಅಂದ್ರ ತುಪ್ಪ."

"ಈಗಿಂದೀಗನ? ಹೊತ್ತ ಮುಳಗತೈತಿ ಅವ್ವಾ, ಊಟಾ ಆಗಿಲ್ಲ ನಿಂದು."

"ಇವತ್ತಿಂದು ಬಿಟ್ಟೇನಿ." ಅವಳು ಎದ್ದು ನನ್ನ ಹತ್ತಿರ ಬಂದಳು. ಎಷ್ಟು ಹತ್ತಿರವೆಂದರೆ ಅವಳ ಬಾಯಿಯ ಲವಂಗದ ವಾಸನೆ ಬಂತು. "ನಿನ್ನ ಕಾಲ ಉಳಿಸಿಕೊಂಡಿ. ನನ್ನ ಪುಣ್ಯಾ ತಗದಿ."

"ಎರಡೂ ನನ್ನ ನಡದ ಮ್ಯಾಲನ ಇದ್ವು ಅತ್ತಿ. ಎರಡ ಹೊರಾಕ ಆಗಲಿಲ್ಲ."

"ಆಡು. ಆಡು. ಮ್ಯಾಲೆ ಹೋಗೂ ಮುಂದನೂ ಹಿಂಗ ಆಡು."

"ಮಹಾರಾಜರಿಗೆ ನನ್ನ ನಮೋಸ್ತು ಹೇಳ್ರಿ. ಅವರದೇನ ತಪ್ಪಿಲ್ಲ."

ಅವಳು ಉಗುಳುವವಳ ಹಾಗೆ ಮುಖ ತಿರುಗಿಸಿ ನಡೆದಳು. ಎಪ್ಪತ್ತು ದಾಟಿದವಳು, ನೆಟ್ಟಗೆ, ಚುರುಕಾಗಿ ನಡೆದಳು. ಅವಳ ಬೆನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಗಂಡ ಒಮ್ಮೆ ಅವಳ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಇಲ್ಲಿ ಎಮ್ಮೆಗಳಿರಲಿಲ್ಲ.

"ಅವ್ವನ್ನ ಸ್ಟ್ಯಾಂಡಿಗೆ ಬಿಟ್ಟ ಬರತೇನು," ಎಂದರು. "ಒಬ್ಬಾಕಿನ ಹೆಂಗ ಹೋದಾಳು?"

"ಬಿಟ್ಟ ಬರ್ರಿ."

"ಸಿಟ್ಟಿಗೆದ್ದಿಯೇನು?"

"ಹೋಗ್ರಿ. ಬಸ್ ಹೋದೀತು."

ಅವರು ಓಡಿದರು. ನಾನು ಗೋಡೆ ಹಿಡಿದುಕೊಂಡು ರಕ್ತ ತೆಗೆಯುವ ಕೋಣೆಗೆ ನಡೆದೆ. ನುಣುಪಾದ ಫರಶಿಯ ಮೇಲೆ ಎಡಗಾಲಿನ ಚಪ್ಪಲಿ ಸರ್ ಸರ್ ಎಂದು ಉಜ್ಜುತ್ತಿತ್ತು. ಸಾಲಿನಲ್ಲಿ ಕೂತವರು ತಲೆಯೆತ್ತಿ ನೋಡಿದರು. ನೋಡಲಿ ಎಂದುಕೊಂಡೆ. ಬಗ್ಗಲಾರದ ನಡುವಿನೊಂದಿಗೆ ಆ ಮನೆಗೆ ಹೇಗೆ ಮರಳುವುದು, ಮರಳುವುದೋ ಇಲ್ಲವೋ, ಎಮ್ಮೆಯ ಕೆಳಗೆ ಇನ್ನು ಯಾರು ಕೂರುವುದು, ಅದ್ಯಾವುದನ್ನೂ ಯೋಚಿಸುವ ಶಕ್ತಿ ಇರಲಿಲ್ಲ. ಗುರುವಾರದ ತನಕ ಸಾಕಾಗುವಷ್ಟು ಸಿಟ್ಟು ಮಾತ್ರ ಇತ್ತು, ಅದನ್ನು ಖರ್ಚು ಮಾಡದೆ ಇಟ್ಟುಕೊಳ್ಳಬೇಕಿತ್ತು.

ಒಳಗಿದ್ದ ನರ್ಸ್ ಹುಡುಗಿ ನನ್ನ ತೋಳಿಗೆ ರಬ್ಬರ್ ಕಟ್ಟಿ ನರ ಹುಡುಕಿದಳು. ರಕ್ತ ಸೀಸೆಗೆ ಇಳಿಯುವಾಗ ನನ್ನ ಹೆಸರು, ಊರು ಬರೆದುಕೊಂಡಳು.

"ಜೋಡಿ ಯಾರ ಅದಾರ? ಸೋಬತಿಯವರ ಹೆಸರ ಬೇಕ್ರಿ, ಅದಿಲ್ದ ಅಡ್ಮಿಟ್ ಮಾಡೂದಿಲ್ಲ."

"ಗಂಡ ಬಸ್ ಸ್ಟ್ಯಾಂಡಿಗೆ ಹೋಗ್ಯಾರ," ಎಂದೆ. "ಬಂದ್ರ ಅವರ ಹೆಸರ ಬರಿ. ಬರಲಿಲ್ಲಂದ್ರ ನಂದನ ಎರಡ ಸಲ ಬರಿ."